ಚಾಮಯ್ಯ ಮೇಷ್ಟ್ರ ಮಾತು

ನಮ್ಮೂರ ಟೆಂಟಿಗೆ ‘ನಾಗರಹಾವು’ ಬಂದಾಗ ನಾನು ಏಳನೇ ತರಗತಿ. ರಾಮಾಚಾರಿಯ ಹೊಡೆದಾಟಕ್ಕೆ ಶಿಳ್ಳೆ ಹಾಕುತ್ತಿದ್ದವರೆಲ್ಲ ಚಾಮಯ್ಯ ಮೇಷ್ಟ್ರು ಬಂದೊಡನೆ ಸುಮ್ಮನಾಗುತ್ತಿದ್ದರು. ಇಂಥ ಮೇಷ್ಟ್ರು ನಮಗೂ ಸಿಗಬಾರದೆ ಎಂದುಕೊಂಡೇ ಅಂದು ಮನೆಗೆ ಬಂದಿದ್ದೆ.

ಆ ಮೇಷ್ಟ್ರು ಕೆ.ಎಸ್. ಅಶ್ವಥ್. 1925ರಲ್ಲಿ ಹುಟ್ಟಿದ ಮೈಸೂರಿನವರು. 1955ರಲ್ಲಿ ‘ಸ್ತ್ರೀರತ್ನ’ದಿಂದ ಚಿತ್ರರಂಗಕ್ಕೆ ಬಂದು, ಪೋಷಕ ಪಾತ್ರಗಳಲ್ಲಿ ನೆಲೆ ಕಂಡುಕೊಂಡರು. ನಾರದ, ತಂದೆ, ‘ಕಸ್ತೂರಿ ನಿವಾಸ’ದ ನಂಬಿಗಸ್ತ ರಾಮಯ್ಯ, ಹೀಗೆ 300ಕ್ಕೂ ಹೆಚ್ಚು ಚಿತ್ರಗಳು. ಆದರೂ 1972ರಲ್ಲಿ ಪುಟ್ಟಣ್ಣ ಕಣಗಾಲ್ ಕೊಟ್ಟ ಈ ಮೇಷ್ಟ್ರ ಪಾತ್ರವೇ ಜನರ ಮನಸ್ಸಿನಲ್ಲಿ ನಿಂತಿತು. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡರು, 2010ರ ಜನವರಿ 18ರಂದು ಅಶ್ವಥ್. ಶಿಷ್ಯನ ಹಿಂದೆಯೇ ಮೇಷ್ಟ್ರೂ ಹೊರಟುಬಿಟ್ಟರಲ್ಲ ಎಂದು ನಮ್ಮ ಬೀದಿಯವರು ಮರುಗಿದ್ದರು.

ಮಗ ಪಿಯುಸಿ ಮುಗಿಸಿದಾಗ ಇತಿಹಾಸ ಓದುತ್ತೇನೆಂದ. ನಾನು ಗದರಲಿಲ್ಲ. ‘ಅಪ್ಪನ ಮೇಲೆ ಗೌರವ ಇದ್ದರೆ ಎಂಜಿನಿಯರಿಂಗ್ ಸೇರು’ ಎಂದೆ, ಅಷ್ಟೇ. ಮರುಮಾತಿಲ್ಲದೆ ಸೇರಿದ. ಎಂಥ ವಿಧೇಯ ಮಗ ಎಂದು ಬೀಗಿದೆ.

ಈಚೆಗೆ ರಜೆಯಲ್ಲಿ ಅವನು ಮನೆಗೆ ಬಂದಿದ್ದಾಗ ಟಿ.ವಿ.ಯಲ್ಲಿ ಮತ್ತೆ ‘ನಾಗರಹಾವು’. ಅಲಮೇಲುವನ್ನು ಬಿಟ್ಟುಬಿಡು ಎಂದು ಮೇಷ್ಟ್ರು ರಾಮಾಚಾರಿಯನ್ನು ಒಪ್ಪಿಸುವ ದೃಶ್ಯ. ಮಗ ಮೆಲ್ಲಗೆ ಕೇಳಿದ: ‘ಮೇಷ್ಟ್ರು ಹೊಡೆದಿದ್ದರೆ ರಾಮಾಚಾರಿ ತಿರುಗಿ ಬೀಳುತ್ತಿದ್ದ, ಅಲ್ವಾ ಅಪ್ಪಾ?’

ನನ್ನ ಬಾಯಿ ಕಟ್ಟಿತು. ಊರನ್ನೇ ಎದುರು ಹಾಕಿಕೊಳ್ಳುವ ಹುಡುಗ ಅಕ್ಕರೆಗೆ ಸೋತಿದ್ದ. ಮುಂದೆ ಅಲಮೇಲುವಿನ ಬಾಳು ಏನಾಯಿತು, ದುರ್ಗದ ಬಂಡೆಗಳ ಮೇಲೆ ಕಥೆ ಹೇಗೆ ಮುಗಿಯಿತು ಎಂಬುದು ಎಲ್ಲರಿಗೂ ಗೊತ್ತು. ಅಶ್ವಥ್ ಆ ಮೇಷ್ಟ್ರನ್ನು ಕೆಟ್ಟವನನ್ನಾಗಿ ತೋರಿಸಿದ್ದರೆ ನಾವು ಬೈದು ಹಗುರಾಗಬಹುದಿತ್ತು. ಅವರ ದನಿಯಲ್ಲಿ, ಕಣ್ಣಲ್ಲಿ ಇದ್ದದ್ದು ನಿಜವಾದ ಪ್ರೀತಿ. ಅಷ್ಟು ಪ್ರೀತಿ ಇದ್ದವರೂ ತಪ್ಪಬಹುದು ಎಂಬುದು ಟೆಂಟಿನಲ್ಲಿ ಕೂತ ಹುಡುಗನಿಗೆ ಹೊಳೆದಿರಲಿಲ್ಲ. ಅಪ್ಪನಾದ ಮೇಲೂ ಹೊಳೆಯಲಿಲ್ಲ, ಮಗ ಕೇಳುವವರೆಗೆ.

ಮರುದಿನ ಕಾಫಿ ಕುಡಿಯುತ್ತಾ ಕೇಳಿದೆ: ‘ನಿನಗೆ ಏನು ಓದಬೇಕು ಅನ್ನಿಸುತ್ತೋ ಹೇಳು. ನನ್ನ ಗೌರವದ ಮಾತು ಬಿಡು.’ ಅವನು ಒಮ್ಮೆ ನನ್ನ ಮುಖ ನೋಡಿದ. ‘ಯೋಚಿಸಿ ಹೇಳ್ತೀನಪ್ಪಾ’ ಎಂದ.

ಯೋಚಿಸಲಿ. ಈ ಸಲ ಕಾಯುವ ಸರದಿ ನನ್ನದು.