ತಗ್ಗಿನ ಬದಿಗೆ ಉಸಿರು

ಬೆನ್ನುಮೂಳೆ ಪಕ್ಕಕ್ಕೆ ವಾಲಿ ಬೆಳೆಯುತ್ತಿರುವ ಮಗುವಿಗೆ ಮನೆಯ ಹಿರಿಯರು, ಶಾಲೆಯ ಮೇಷ್ಟರು, ಮದುವೆಮನೆಯಲ್ಲಿ ಸಿಕ್ಕ ದೂರದ ನೆಂಟರು, ಹೀಗೆ ಎಲ್ಲರೂ ತಪ್ಪದೆ ಕೊಡುವ ಸಲಹೆಗಳು ಎರಡೇ: ನೆಟ್ಟಗೆ ಕೂತುಕೋ, ದೀರ್ಘವಾಗಿ ಉಸಿರೆಳೆದುಕೋ. ವಾಲಿರುವುದು ಮೂಳೆಯೇ ಹೊರತು ಕೂರುವ ಅಭ್ಯಾಸವಲ್ಲವಾದ್ದರಿಂದ ಮೊದಲನೆಯ ಮಾತನ್ನು ಪಾಲಿಸುವುದು ಮಗುವಿನ ಕೈಯಲ್ಲಿಲ್ಲ. ಎರಡನೆಯದನ್ನು ಅದು ಶ್ರದ್ಧೆಯಿಂದ ಪಾಲಿಸುತ್ತದೆ, ಭುಜವೇರಿಸಿ ಎದೆ ತುಂಬಿಕೊಳ್ಳುತ್ತದೆ, ಆದರೆ ಆ ಗಾಳಿ ಎಲ್ಲಿಗೆ ಹೋಗಬೇಕೆಂದು ಹೇಳಿಕೊಡುವವರು ಯಾರೂ ಇಲ್ಲದಿರುವುದರಿಂದ, ಎದೆಗೂಡು ಎಲ್ಲಿ ಸಲೀಸಾಗಿ ಬಿಚ್ಚಿಕೊಳ್ಳುತ್ತದೋ ಅಲ್ಲಿಗೇ ಹೋಗಿ ತುಂಬುತ್ತದೆ. ಮುಚ್ಚಿಕೊಂಡ ಬದಿ ಮುಚ್ಚಿಕೊಂಡೇ ಉಳಿಯುತ್ತದೆ. ಒಳ್ಳೆಯ ಮನಸ್ಸಿನಿಂದ ಬಂದ ಸಲಹೆಯೊಂದು ಇಷ್ಟು ಸುಲಭವಾಗಿ ದಾರಿ ತಪ್ಪುವುದು ನೋಡಿದವರನ್ನು ಕಾಡದೆ ಬಿಡುವುದಿಲ್ಲ.

ಈ ಸ್ಥಿತಿಯನ್ನು ವೈದ್ಯರು ಸ್ಕೋಲಿಯೋಸಿಸ್ ಎನ್ನುತ್ತಾರೆ. ಎಕ್ಸ್-ರೇ ಚಿತ್ರದಲ್ಲಿ ಬಾಗಿನ ಮೇಲ್ತುದಿ ಮತ್ತು ಕೆಳತುದಿಯಲ್ಲಿ ಅತಿ ಹೆಚ್ಚು ಓರೆಯಾಗಿರುವ ಕಶೇರುಗಳನ್ನು, ಅಂದರೆ ಬೆನ್ನುಮೂಳೆಯ ಬಿಡಿ ಮೂಳೆಗಳನ್ನು, ಗುರುತಿಸಿ, ಅವುಗಳ ಅಂಚಿಗೆ ಗೆರೆ ಎಳೆದು, ಆ ಎರಡು ಗೆರೆಗಳ ನಡುವಿನ ಕೋನವನ್ನು ಅಳೆಯುವ ಕ್ರಮವನ್ನು ಅಮೆರಿಕದ ಮೂಳೆತಜ್ಞ ಜಾನ್ ಕಾಬ್ 1948ರಲ್ಲಿ ವಿವರಿಸಿದರು; ಇಂದಿಗೂ ಅದು ಕಾಬ್ ಕೋನವೆಂದೇ ಚಲಾವಣೆಯಲ್ಲಿದೆ. ಕೋನ 10 ಡಿಗ್ರಿ ಮುಟ್ಟಿದರೆ ಸ್ಕೋಲಿಯೋಸಿಸ್ ಎನ್ನಬಹುದು, ಮತ್ತು ಹದಿಹರೆಯದ ನೂರು ಮಕ್ಕಳಲ್ಲಿ ಇಬ್ಬರು ಮೂವರಿಗೆ ಇದು ಇರುತ್ತದೆ. ಬಾಗು ದೊಡ್ಡದಾಗಿ ಬೆಳೆಯುವುದು ಮಾತ್ರ ಹುಡುಗಿಯರಲ್ಲೇ ಹೆಚ್ಚು. ಬಹುಪಾಲು ಮಕ್ಕಳಲ್ಲಿ ಕಾರಣ ತಿಳಿಯುವುದೇ ಇಲ್ಲ. ಶಾಲೆಯ ಚೀಲದ ಭಾರದಿಂದಾಗಲಿ, ಒಂದೇ ಮಗ್ಗುಲಿಗೆ ಮಲಗಿದ್ದರಿಂದಾಗಲಿ, ಚಿಕ್ಕಂದಿನಲ್ಲಿ ಸೊಂಟದ ಮೇಲೆ ಎತ್ತಿಕೊಂಡದ್ದರಿಂದಾಗಲಿ ಇದು ಬರುವುದಿಲ್ಲವೆಂಬುದನ್ನು ತಮ್ಮನ್ನೇ ದೂರಿಕೊಳ್ಳುವ ತಾಯಂದಿರಿಗೆ ಎಷ್ಟು ಸಲ ಹೇಳಿದರೂ ಹೆಚ್ಚಾಗದು.

ಪಕ್ಕಕ್ಕೆ ಬಾಗುವುದು ಈ ತೊಂದರೆಯ ಒಂದು ಮುಖ ಮಾತ್ರ. ಬಾಗುವಾಗ ಕಶೇರುಗಳು ತಮ್ಮ ಅಕ್ಷದ ಸುತ್ತ ತಿರುಚಿಕೊಳ್ಳುತ್ತವೆ, ಅವುಗಳಿಗೆ ಅಂಟಿಕೊಂಡ 12 ಜೊತೆ ಪಕ್ಕೆಲುಬುಗಳೂ ಜೊತೆಯಲ್ಲೇ ತಿರುಗುತ್ತವೆ. ಬಾಗು ಬಲಕ್ಕೆ ಉಬ್ಬಿದ್ದರೆ ಬಲಬೆನ್ನಿನ ಪಕ್ಕೆಲುಬುಗಳು ಹಿಂದಕ್ಕೆ ಎದ್ದು ಒಂದಕ್ಕೊಂದು ದೂರವಾಗುತ್ತವೆ. ಎಡಬೆನ್ನಿನಲ್ಲಿ ಅವು ಒತ್ತೊತ್ತಾಗಿ ಸೇರಿಕೊಂಡು ತಗ್ಗು ಬೀಳುತ್ತದೆ. ಎದೆಯ ಮುಂಭಾಗದಲ್ಲಿ ಇದೇ ವಿನ್ಯಾಸ ಅದಲುಬದಲಾಗಿ, ಬಲಗಡೆ ಚಪ್ಪಟೆಯಾಗಿ ಎಡಗಡೆ ಮುಂದೆ ಬರುತ್ತದೆ. ಇಂಥ ಗೂಡಿನೊಳಗೆ ಕುಳಿತ ಶ್ವಾಸಕೋಶ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ, ಅದಕ್ಕೆ ಕಡಿಮೆಯಾಗಿರುವುದು ಹಿಗ್ಗುವ ಜಾಗ. ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ, ಉಸಿರಾಟದ ಮುಖ್ಯ ಸ್ನಾಯುವಾದ ವಪೆಯು ಕೆಳಗಿನ ಪಕ್ಕೆಲುಬುಗಳಿಗೂ ಸೊಂಟದ ಕಶೇರುಗಳಿಗೂ ಅಂಟಿಕೊಂಡಿರುವುದರಿಂದ ಅದರ ಎಳೆತವೂ ಎರಡು ಕಡೆ ಸಮನಾಗಿರುವುದಿಲ್ಲ. ಶ್ವಾಸಕೋಶದ ಸಾಮರ್ಥ್ಯವನ್ನು ವ್ಯಕ್ತಿಯ ಎತ್ತರಕ್ಕೆ ಹೋಲಿಸಿ ಲೆಕ್ಕ ಹಾಕುವುದು ವಾಡಿಕೆಯಾದರೂ, ಬಾಗಿದ ಬೆನ್ನು ಎತ್ತರವನ್ನೇ ಕಡಿಮೆ ತೋರಿಸುತ್ತದಾದ್ದರಿಂದ, ಇವರ ಲೆಕ್ಕಕ್ಕೆ ಎರಡೂ ಕೈ ಚಾಚಿದಾಗಿನ ಉದ್ದವನ್ನು, ಎಂದರೆ ಹೂವಿನವರು ಅಳೆದುಕೊಡುವ ಮಾರನ್ನು, ತೆಗೆದುಕೊಳ್ಳುತ್ತಾರೆ. ಬಾಗು 70 ಡಿಗ್ರಿಯ ಆಚೆಗೆ ಹೋದಾಗ ಉಸಿರಿನ ಕೊರತೆ ಎದ್ದು ಕಾಣತೊಡಗುತ್ತದೆ, 100 ದಾಟಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು; ಶ್ವಾಸಕೋಶದ ಗಾಳಿಗೂಡುಗಳು ಬಹುಪಾಲು ಮೂಡುವುದು ಎಳೆಯ ವಯಸ್ಸಿನಲ್ಲಿಯೇ ಆದ್ದರಿಂದ, 5 ವರ್ಷಕ್ಕೆ ಮೊದಲೇ ಶುರುವಾದ ಬಾಗು ಹದಿಹರೆಯದಲ್ಲಿ ಶುರುವಾದದ್ದಕ್ಕಿಂತ ಅಪಾಯಕರ.

ವಾಲಿದ್ದನ್ನು ಕಂಡರೆ ಎಳೆದು ನೆಟ್ಟಗೆ ಮಾಡಬೇಕೆನ್ನುವ ಆಸೆ ಮನುಷ್ಯನಲ್ಲಿ ಬಹಳ ಹಳೆಯದು. ಭಾಗವತದ ದಶಮ ಸ್ಕಂಧದಲ್ಲಿ ಮಥುರೆಯ ಬೀದಿಯಲ್ಲಿ ಗಂಧ ಹೊತ್ತು ಬರುವ ಕುಬ್ಜೆಯ ಕಾಲ್ಬೆರಳುಗಳನ್ನು ಕೃಷ್ಣನು ತನ್ನ ಪಾದದಿಂದ ಅದುಮಿ ಹಿಡಿದು, ಗಲ್ಲದ ಕೆಳಗೆ ಎರಡು ಬೆರಳಿಟ್ಟು ಮೇಲಕ್ಕೆತ್ತಿದಾಗ ಅವಳು ನೇರವಾದಳೆಂಬ ಕಥೆ ಕನ್ನಡದ ಮನೆಗಳಿಗೆ ಹೊಸದಲ್ಲ. ಭಕ್ತಿಯ ಕಣ್ಣಿಗೆ ಅದು ಲೀಲೆ, ಮೂಳೆವೈದ್ಯರ ಕಣ್ಣಿಗೆ ಬುಡವನ್ನು ಬಿಗಿಹಿಡಿದು ತುದಿಯನ್ನು ಎಳೆಯುವ ಚಿಕಿತ್ಸೆಯ ಅಚ್ಚುಕಟ್ಟಾದ ವರ್ಣನೆ. ಆಸ್ಪತ್ರೆಗಳು ಶತಮಾನಗಳುದ್ದಕ್ಕೂ ಮಾಡಲು ಹೆಣಗಿದ್ದು ಇದನ್ನೇ, ಆದರೆ ಆ ಎರಡು ಬೆರಳಿನ ಮೃದುತ್ವ ಅವಕ್ಕೆ ಒದಗಲಿಲ್ಲ. ಗ್ರೀಕರಲ್ಲಿ ರೋಗಿಯನ್ನು ಏಣಿಗೆ ಕಟ್ಟಿ, ಏಣಿಯನ್ನೇ ಎತ್ತರಕ್ಕೆತ್ತಿ ಕುಕ್ಕುವ ಪದ್ಧತಿಯಿತ್ತು, ಮತ್ತು ಹಿಪೊಕ್ರೆಟಿಸನ ಹೆಸರಿನಲ್ಲಿರುವ ಗ್ರಂಥವು ಅದನ್ನು ವಿವರಿಸುತ್ತಲೇ, ನೆರೆದ ಜನರನ್ನು ಬೆರಗುಗೊಳಿಸಲೆಂದು ಹೀಗೆ ಮಾಡುವ ವೈದ್ಯರ ಬಗ್ಗೆ ಬೇಸರಪಡುತ್ತದೆ. 16ನೆಯ ಶತಮಾನದ ಫ್ರಾನ್ಸಿನಲ್ಲಿ ಆಂಬ್ರ್ವಾಜ್ ಪಾರೆ ಎಂಬ ಶಸ್ತ್ರವೈದ್ಯ ತೂತು ಕೊರೆದು ಹಗುರ ಮಾಡಿದ ಕಬ್ಬಿಣದ ಕವಚವನ್ನು ಬಾಗಿದ ಮೈಗೆ ತೊಡಿಸಿದನು. 1870ರ ದಶಕದ ನ್ಯೂಯಾರ್ಕಿನಲ್ಲಿ ಲೂಯಿಸ್ ಸೇಯರ್ ರೋಗಿಗಳನ್ನು ತಲೆ ಮತ್ತು ಕಂಕುಳಿನಿಂದ ಮುಕ್ಕಾಲಿಗೆ ತೂಗುಹಾಕಿ, ಮೈ ಹಿಗ್ಗಿದ ಸ್ಥಿತಿಯಲ್ಲೇ ಸುತ್ತಲೂ ಪ್ಲಾಸ್ಟರ್ ಕಟ್ಟಿದನು. 1960ರ ಸುಮಾರಿಗೆ ಹ್ಯೂಸ್ಟನ್ನಿನ ಪಾಲ್ ಹ್ಯಾರಿಂಗ್ಟನ್, ಮೊದಮೊದಲು ಪೋಲಿಯೋದಿಂದ ಬೆನ್ನು ಬಾಗಿದ ಮಕ್ಕಳಿಗಾಗಿ, ಉಕ್ಕಿನ ಸರಳನ್ನು ಬೆನ್ನಿನೊಳಗೇ ಕೂರಿಸಿ ಹಿಗ್ಗಿಸುವ ಶಸ್ತ್ರಚಿಕಿತ್ಸೆಯನ್ನು ರೂಪಿಸಿದರು. ಇಂದಿನ ಸುಧಾರಿತ ಶಸ್ತ್ರಚಿಕಿತ್ಸೆಗಳು ಅದರ ಪೀಳಿಗೆಯವೇ, ಮತ್ತು 50 ಡಿಗ್ರಿ ದಾಟಿ ಬೆಳೆಯುತ್ತಿರುವ ಬಾಗಿಗೆ ಅವು ನಿಜವಾದ ಉಪಕಾರ ಮಾಡುತ್ತವೆ. ಏಣಿ, ಕವಚ, ಮುಕ್ಕಾಲಿ, ಸರಳು, ಇವೆಲ್ಲದರಲ್ಲೂ ಬಲ ಪ್ರಯೋಗಿಸುವವರು ಹೊರಗಿನವರು, ಬಾಗಿದ ಮೈಯುಳ್ಳ ವ್ಯಕ್ತಿಗೆ ಸಹಿಸುವುದರ ಹೊರತು ಬೇರೆ ಕೆಲಸವಿಲ್ಲ.

ಬಲ ಪ್ರಯೋಗಿಸುವ ಕೆಲಸವನ್ನು ರೋಗಿಯ ಕೈಗೇ ಕೊಟ್ಟವಳು ಜರ್ಮನಿಯ ಒಬ್ಬ ಹೆಣ್ಣುಮಗಳು. 1894ರಲ್ಲಿ, ಎಕ್ಸ್-ರೇಯ ಶೋಧಕ್ಕೆ ಒಂದು ವರ್ಷ ಮೊದಲು, ಡ್ರೆಸ್ಡೆನ್ ನಗರದಲ್ಲಿ ಹುಟ್ಟಿದ ಕ್ಯಾಥರೀನಾ ಶ್ರೋಟ್‌ಗೆ ಸ್ವತಃ ಸ್ಕೋಲಿಯೋಸಿಸ್ ಇತ್ತು, ಮತ್ತು 16ರ ವಯಸ್ಸಿನಲ್ಲಿ ಅವಳಿಗೆ ಉಕ್ಕಿನ ಕವಚ ತೊಡಿಸಲಾಯಿತು. ಒತ್ತಿದಲ್ಲಿ ತಗ್ಗಾದ ರಬ್ಬರಿನ ಚೆಂಡು ಒಳಗೆ ಗಾಳಿ ತುಂಬಿದಾಗ ಮತ್ತೆ ಉಬ್ಬುವುದನ್ನು ಗಮನಿಸಿ, ತನ್ನ ಎದೆಗೂಡಿನ ತಗ್ಗನ್ನೂ ಒಳಗಿನಿಂದ ಗಾಳಿಯೇ ಎತ್ತಬಹುದಲ್ಲವೇ ಎಂದು ಅವಳು ಯೋಚಿಸಿದಳೆಂದು ಅವಳ ಪರಂಪರೆಯವರು ಹೇಳುತ್ತಾರೆ. ಯೋಚನೆ ಸರಳ, ಆದರೆ ಅದನ್ನು ನಡೆಸಲು ಒಂದು ಅಡ್ಡಿಯಿತ್ತು: ಮನುಷ್ಯನಿಗೆ ತನ್ನ ಬೆನ್ನು ಕಾಣುವುದಿಲ್ಲ, ಮತ್ತು ವರ್ಷಗಟ್ಟಲೆ ವಾಲಿ ಬೆಳೆದವರಿಗೆ ವಾಲಿರುವುದೇ ನೇರವೆಂದು ಅನಿಸತೊಡಗಿರುತ್ತದೆ. ಅದಕ್ಕಾಗಿ ಅವಳು ಕನ್ನಡಿಗಳನ್ನು ಆಶ್ರಯಿಸಿದಳು. ತನ್ನ ತಗ್ಗಿನ ಬದಿಯನ್ನು ಕಣ್ಣಾರೆ ನೋಡಿಕೊಳ್ಳುತ್ತ, ಅಲ್ಲಿಗೆ ಉಸಿರು ಕಳಿಸುವುದನ್ನು ಅವಳು ಅಭ್ಯಾಸ ಮಾಡಿದಳು. ಬೆನ್ನು ಬಾಗಿದವರು ಕನ್ನಡಿಯಿಂದ ಕಣ್ಣು ತಪ್ಪಿಸಿಕೊಂಡು ಬದುಕುತ್ತಿದ್ದ ಕಾಲದಲ್ಲಿ ಇದು ದೊಡ್ಡ ಧೈರ್ಯ.

1921ರಲ್ಲಿ ಎಲ್ಬೆ ನದಿಯ ದಡದ, ಪಿಂಗಾಣಿಗೆ ಹೆಸರಾದ ಮೈಸೆನ್ ಊರಿನಲ್ಲಿ ಅವಳು ಸಣ್ಣದೊಂದು ಚಿಕಿತ್ಸಾಲಯ ತೆರೆದಳು. ವೈದ್ಯಕೀಯ ಪದವಿಯಿಲ್ಲದ ಹೆಂಗಸೊಬ್ಬಳು ಬೆನ್ನುಮೂಳೆಗೆ ಕೈಹಾಕುವುದನ್ನು ಅಂದಿನ ತಜ್ಞರು ಆದರಿಸಿರಬಹುದೆಂದು ಯಾರೂ ಭಾವಿಸಬೇಕಾಗಿಲ್ಲ. ಆದರೂ ರೋಗಿಗಳು ಬಂದರು, ತಿಂಗಳುಗಟ್ಟಲೆ ಉಳಿದು ತೋಟದ ಬಯಲಿನಲ್ಲಿ ವ್ಯಾಯಾಮ ಕಲಿತರು. ಎರಡನೆಯ ಮಹಾಯುದ್ಧದ ನಂತರ ಆ ಭಾಗ ಪೂರ್ವ ಜರ್ಮನಿಯ ಆಡಳಿತಕ್ಕೆ ಸೇರಿತು. ತಾಯಿ ಮತ್ತು ಮಗಳು ಕ್ರಿಸ್ಟಾ ಪಶ್ಚಿಮಕ್ಕೆ ಬಂದು, 1960ರ ದಶಕದ ಆರಂಭದಲ್ಲಿ ಸೋಬರ್ನ್‌ಹೈಮ್ ಎಂಬ ಸಣ್ಣ ಊರಿನಲ್ಲಿ ಮತ್ತೆ ಮೊದಲಿನಿಂದ ಕಟ್ಟಿದರು. ಕ್ಯಾಥರೀನಾ 1985ರಲ್ಲಿ, 90 ದಾಟಿದ ವಯಸ್ಸಿನಲ್ಲಿ ತೀರಿಕೊಂಡಳು. ಪದ್ಧತಿಗೆ ಶಾಸ್ತ್ರೀಯ ರೂಪ ಕೊಟ್ಟು, ಗ್ರಂಥ ಬರೆದು, ಅದನ್ನು ಜಗತ್ತಿಗೆ ಮುಟ್ಟಿಸಿದ್ದು ಫಿಸಿಯೋಥೆರಪಿ ಕಲಿತಿದ್ದ ಕ್ರಿಸ್ಟಾ. ತಾಯಿಗೆ ಸಲ್ಲುವಷ್ಟೇ ಗೌರವ ಮಗಳಿಗೂ ಸಲ್ಲಬೇಕು.

ಆ ವ್ಯಾಯಾಮ ಹೊರನೋಟಕ್ಕೆ ನಿಧಾನವಾಗಿ, ಬಹುಮಟ್ಟಿಗೆ ಅಲುಗಾಟವೇ ಇಲ್ಲದಂತೆ ಕಾಣುತ್ತದೆ. ಮೊದಲು ಸೊಂಟದ ಕಟ್ಟನ್ನು ಸರಿಯಾದ ಸ್ಥಾನಕ್ಕೆ ತಂದು ನಿಲ್ಲಿಸಬೇಕು. ಬಳಿಕ ನೆತ್ತಿಯನ್ನು ಮೇಲಕ್ಕೆ ನೂಕುತ್ತ ಬೆನ್ನನ್ನು ಒಳಗಿನಿಂದ ಉದ್ದ ಮಾಡಬೇಕು. ಪಕ್ಕಕ್ಕೆ ಸರಿದ ಮುಂಡವನ್ನು ನಡುವಿಗೆ ತರಬೇಕು. ಮಲಗಿ ಮಾಡುವಾಗ ಹಿಂದಕ್ಕೆ ಎದ್ದ ಭಾಗಗಳ ಕೆಳಗೆ ಅಕ್ಕಿ ತುಂಬಿದ ಪುಟ್ಟ ಚೀಲಗಳನ್ನು ಇಡುವುದುಂಟು. ಇಷ್ಟು ಸಿದ್ಧವಾದ ಮೇಲೆ ಉಸಿರಿನ ಸರದಿ: ಬಾಗು ಬಲಕ್ಕೆ ಉಬ್ಬಿದವರು ಎಡಬೆನ್ನಿನ ತಗ್ಗಿಗೆ ಗಾಳಿಯನ್ನು ಪಕ್ಕಕ್ಕೆ, ಹಿಂದಕ್ಕೆ ಮತ್ತು ಮೇಲಕ್ಕೆ, ಬಲ ಎದೆಯ ಚಪ್ಪಟೆ ಭಾಗಕ್ಕೆ ಮುಂದಕ್ಕೆ ಮತ್ತು ಮೇಲಕ್ಕೆ ಹರಿಸಬೇಕು. ಪಕ್ಕೆಲುಬುಗಳು ತಿರುಚಿದ ದಿಕ್ಕಿಗೆ ವಿರುದ್ಧವಾಗಿ ತಿರುಗುತ್ತ ತೆರೆದುಕೊಳ್ಳುವುದರಿಂದ ಇದನ್ನು ತಿರುಗುಕೋನದ ಉಸಿರಾಟವೆಂದು ಕರೆಯಬಹುದು. ಫಿಸಿಯೋಥೆರಪಿಸ್ಟ್ ತಗ್ಗಿನ ಮೇಲೆ ಬೆರಳಿಟ್ಟು, ತನ್ನ ಬೆರಳನ್ನು ಉಸಿರಿನಿಂದ ಹೊರದೂಡುವಂತೆ ಹೇಳುತ್ತಾರೆ. ಮೊದಮೊದಲು ಏನೂ ಆಗುವುದಿಲ್ಲ, ಮಗು ಭುಜವನ್ನು ಕಿವಿಯ ತನಕ ಏರಿಸಿ ಇಡೀ ಕೊಠಡಿಯ ಗಾಳಿ ಎಳೆದುಕೊಂಡರೂ ಆ ಬೆರಳು ಅಲುಗುವುದಿಲ್ಲ, ಬಹಳ ಅಭ್ಯಾಸದ ನಂತರ ಒಮ್ಮೆ ಅಲ್ಲಿ ಕೂದಲೆಳೆಯಷ್ಟು ಚಲನೆ ಸಿಕ್ಕಾಗ ಅದೇ ಆ ದಿನದ ಹಬ್ಬ. ಉಸಿರು ಬಿಡುವಾಗ ಬೆನ್ನಿನ ಸ್ನಾಯುಗಳನ್ನು ಬಿಗಿಹಿಡಿದು, ಉಸಿರು ತೆರೆದ ಜಾಗ ಮತ್ತೆ ಕುಸಿಯದಂತೆ ಕಾಯಬೇಕು. ಶಸ್ತ್ರಚಿಕಿತ್ಸೆಯಾದವರಿಗೆ ಆಸ್ಪತ್ರೆಯಲ್ಲಿ ಕೊಡುವ, ಮೂರು ಚೆಂಡುಗಳನ್ನು ಉಸಿರೆಳೆದು ಎಬ್ಬಿಸುವ ಉಪಕರಣವೂ ಬಹಳ ಉಪಯುಕ್ತವೇ. ಗಾಳಿ ಎಷ್ಟು ರಭಸದಲ್ಲಿ ಒಳಗೆ ಹೋಯಿತೆಂಬುದನ್ನು ಅದು ತಿಳಿಸುತ್ತದೆ, ಯಾವ ಬದಿಗೆ ಹೋಯಿತೆಂಬುದನ್ನು ತಿಳಿಸುವುದಿಲ್ಲ.

ದೇಹದ ಎರಡು ಬದಿಗಳನ್ನು ಬೇರೆಬೇರೆಯಾಗಿ ನೋಡುವ ಈ ದೃಷ್ಟಿ ಕರ್ನಾಟಕದ ನೆಲದಿಂದ ಹೊರಟ ಒಂದು ಪರಂಪರೆಗೂ ಹತ್ತಿರವಾದದ್ದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಕಾಯಿಲೆಗಳಿಂದ ಜರ್ಝರಿತ ಬಾಲ್ಯ ಕಳೆದು, ಮೈಸೂರಿನಲ್ಲಿ ತಮ್ಮ ಭಾವ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತ ಬಿ.ಕೆ.ಎಸ್. ಅಯ್ಯಂಗಾರ್, ಮುಂದೆ ಪುಣೆಯಲ್ಲಿ ಗೋಡೆ, ಹಗ್ಗ, ಮರದ ಇಟ್ಟಿಗೆ, ಮಡಿಸಿದ ಕಂಬಳಿಗಳ ನೆರವಿನಿಂದ ಆಸನವನ್ನು ಒಬ್ಬೊಬ್ಬರ ಮೈಗೆ ಹೊಂದಿಸುವ ಕ್ರಮ ಬೆಳೆಸಿದರು. ಸ್ಕೋಲಿಯೋಸಿಸ್ ಇರುವವರು ಅವರ ಪದ್ಧತಿಯತ್ತ ಒಲಿದದ್ದು ಸಹಜ. ಆದರೆ ಬಯಲಿನಲ್ಲಿ ನೂರಾರು ಜನರನ್ನು ಸಾಲಾಗಿ ಕೂರಿಸಿ ಒಂದೇ ಬಗೆಯ ಪ್ರಾಣಾಯಾಮ ಮಾಡಿಸುವ ಶಿಬಿರಗಳಿಗೂ ಈ ಕುಶಲತೆಗೂ ಸಂಬಂಧವಿಲ್ಲ. ಅಲ್ಲಿ ಎಲ್ಲರ ಬೆನ್ನೂ ನೇರವಾಗಿದೆಯೆಂದು ಮೊದಲೇ ಒಪ್ಪಿಕೊಂಡಿರುತ್ತಾರೆ.

ಉಸಿರಾಟದ ವ್ಯಾಯಾಮದಿಂದ ಬಾಗು ಮಾಯವಾಗುತ್ತದೆಯೇ ಎಂಬ ಪ್ರಶ್ನೆಗೆ ಇಲ್ಲವೆಂದೇ ಉತ್ತರಿಸಬೇಕು. ಶ್ರೋಟ್ ಪದ್ಧತಿಯನ್ನು ಪರೀಕ್ಷಿಸಿದ ಪ್ರಯೋಗಗಳಲ್ಲಿ ಕಂಡುಬಂದ ವ್ಯತ್ಯಾಸ ಕೆಲವೇ ಡಿಗ್ರಿಗಳದು, ಎಕ್ಸ್-ರೇಯಲ್ಲಿ ಕೋನ ಅಳೆಯುವಾಗ ಆಗುವ ಏರುಪೇರೇ ಸುಮಾರು 5 ಡಿಗ್ರಿ. ಬೆಳೆಯುವ ವಯಸ್ಸಿನಲ್ಲಿ ಬಾಗು 25ರಿಂದ 40 ಡಿಗ್ರಿಯ ನಡುವೆ ಇದ್ದರೆ ಕವಚವೇ ಬೇಕು: 2013ರಲ್ಲಿ ಪ್ರಕಟವಾದ, ಉತ್ತರ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಕವಚ ತೊಟ್ಟ ಮಕ್ಕಳಲ್ಲಿ ಶೇ. 72ರಷ್ಟು, ತೊಡದವರಲ್ಲಿ ಶೇ. 48ರಷ್ಟು ಮಂದಿಯ ಬಾಗು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಯಿತು, ಹೆಚ್ಚು ಗಂಟೆ ತೊಟ್ಟವರಿಗೆ ಹೆಚ್ಚು ಫಲ ಸಿಕ್ಕಿತು. ಹಾಗಿದ್ದೂ ಉಸಿರಿನ ಪಾಠ ವ್ಯರ್ಥವಲ್ಲ. ಫ್ರಾನ್ಸಿನ ವೈದ್ಯ ಜಾಕ್ ಶೆನೋ ರೂಪಿಸಿದ ಕವಚದಲ್ಲಿ ಉಬ್ಬಿನ ಕಡೆ ಒತ್ತುವ ಮೆತ್ತೆಯೂ ಅದರ ಎದುರು ಕಡೆ ಬೇಕೆಂದೇ ಬಿಟ್ಟ ಖಾಲಿ ಜಾಗವೂ ಇರುತ್ತವೆ. ಆ ಖಾಲಿಯನ್ನು ತುಂಬಬೇಕಾದದ್ದು ತೊಟ್ಟವರ ಉಸಿರು, ಅದನ್ನು ಕಲಿಯದ ಮಗುವಿಗೆ ಆ ಕವಚದ ಅರ್ಧ ಪ್ರಯೋಜನ ನಷ್ಟ. ಬೆಳವಣಿಗೆ ಮುಗಿದ ದೊಡ್ಡವರಿಗೂ ಪಕ್ಕೆಲುಬುಗಳ ಚಲನೆ ಉಳಿಸಿಕೊಳ್ಳುವುದು, ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆ ಮಾಡಿಕೊಳ್ಳುವುದು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಬೆನ್ನನ್ನು ತಾನೇ ಅರಿಯುವುದು ಸಣ್ಣ ಲಾಭಗಳಲ್ಲ.

ಇಬ್ಬರು ಮಕ್ಕಳ ಬಾಗು ಒಂದೇ ತೆರನಾಗಿರುವುದಿಲ್ಲ. ಒಬ್ಬರಲ್ಲಿ ತಗ್ಗಾದ ಬದಿ ಇನ್ನೊಬ್ಬರಲ್ಲಿ ಉಬ್ಬಿರುತ್ತದೆ, ಮತ್ತು ಹಲವರಲ್ಲಿ ಎದೆಯ ಮಟ್ಟದಲ್ಲೊಂದು, ಸೊಂಟದ ಮಟ್ಟದಲ್ಲಿ ಅದಕ್ಕೆದುರಾಗಿ ಇನ್ನೊಂದು, ಹೀಗೆ ಎರಡು ಬಾಗುಗಳಿರುತ್ತವೆ. ಆದ್ದರಿಂದ ಎಕ್ಸ್-ರೇ ನೋಡದೆ, ಬೆನ್ನು ಮುಟ್ಟಿ ಪರೀಕ್ಷಿಸದೆ ಉಸಿರಾಟ ಕಲಿಸಲು ಮುಂದಾಗುವವರು ಎಷ್ಟೇ ಹೆಸರುವಾಸಿಯಾಗಿದ್ದರೂ ಅವರ ಕೈಗೆ ಮಗುವನ್ನು ಒಪ್ಪಿಸಬಾರದು.