ಎರಡನೆಯ ಸಲ

ನಮ್ಮ ದೊಡ್ಡಪ್ಪನವರು ಎಸ್.ಎಸ್.ಎಲ್.ಸಿ. ಪರೀಕ್ಷೆಯ ಮೇಲೆ ನಾಲ್ಕು ಸಲ ದಂಡೆತ್ತಿ ಹೋದವರು. ಊರಿನಲ್ಲಿ ಬಹುಕಾಲ ಅವರನ್ನು ಘಜನಿ ಮಹಮ್ಮದ ಎಂದೇ ಕರೆಯುತ್ತಿದ್ದರಂತೆ. "ಅವನಿಗೆ ಹದಿನೇಳು ಸಲ ಬೇಕಾಯ್ತು, ನಾನು ನಾಲ್ಕಕ್ಕೇ ಗೆದ್ದೆ ಕಣಯ್ಯ" ಎಂದು ಅವರು ಈಗಲೂ ನಗುವುದುಂಟು. ಗೆದ್ದ ಫಲವಾಗಿ ನಾಲೆಯ ಮೇಲೆ ನೀರುಗಂಟಿಯಾದರು. ಆ ಕಾಲದಲ್ಲಿ ಎರಡನೆಯ ಸಲ ಪರೀಕ್ಷೆಗೆ ಕೂಡುವುದು ನಪಾಸಾದವರ ಪಾಡು. ಪಾಸಾದವನು ಮತ್ತೆ ಕೂತರೆ ಅವನ ತಲೆ ನೆಟ್ಟಗಿದೆಯೇ ಎಂದು ಜನ ಕೇಳುತ್ತಿದ್ದರೋ ಏನೋ. ನಾನು ಪಾಸಾಗಿದ್ದೆ, ಆದರೂ ಕೂತೆ. ನಮ್ಮ ತರಗತಿಯಲ್ಲಿಯೇ ನನ್ನಂತೆ ವಿಜ್ಞಾನ ಓದಿ ಬಿ.ಎ.ಗೆ ಬಂದವರು ಕೆಲವರಿದ್ದಾರೆ. ಈ ವಿಷಯ ಬಂದಾಗ ಅವರಾರೂ ಬಾಯಿ ಬಿಡುವುದಿಲ್ಲ. ಆದುದರಿಂದ ನಾನೇ ಬರೆಯುತ್ತಿದ್ದೇನೆ.

2024ರ ಏಪ್ರಿಲ್ 10ರಂದು ದ್ವಿತೀಯ ಪಿ.ಯು.ಸಿ. ಮೊದಲ ಪರೀಕ್ಷೆಯ ಫಲಿತಾಂಶ ಬಂದಿತು. ರಸಾಯನಶಾಸ್ತ್ರದಲ್ಲಿ 63, ಗಣಿತದಲ್ಲಿ 58, ಭೌತಶಾಸ್ತ್ರದಲ್ಲಿ 50. ಆ 50ರಲ್ಲಿ 28 ಪ್ರಾಯೋಗಿಕ ಪರೀಕ್ಷೆಯವು; ಉಳಿದುದನ್ನು ಓದುಗರೇ ಕಳೆದು ನೋಡಿಕೊಳ್ಳಬಹುದು. ಕನ್ನಡದಲ್ಲಿ ಮಾತ್ರ 91 ಬಂದಿತ್ತು. ಅದನ್ನು ಮನೆಯಲ್ಲಿ ಯಾರೂ ಗಮನಿಸಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಗಮನಿಸಲಿಲ್ಲ.

ಆ ವರ್ಷವೇ ಹೊಸ ಪದ್ಧತಿ ಜಾರಿಗೆ ಬಂದಿತ್ತು. ಪೂರಕ ಪರೀಕ್ಷೆಯೆಂಬ ಹೆಸರು ಹೋಗಿ ಒಂದು, ಎರಡು, ಮೂರು ಎಂದು ಮೂರು ಪರೀಕ್ಷೆಗಳಾದವು. ಪಾಸಾದವನೂ ಮತ್ತೆ ಬರೆಯಬಹುದು. ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದೇ ಉಳಿಯುತ್ತದೆ. ಎರಡನೆಯದು ಏಪ್ರಿಲ್ 29ಕ್ಕೆ ಆರಂಭ. ನಡುವೆ 18, 19ರಂದು ಸಿ.ಇ.ಟಿ. ಇಂಜಿನಿಯರಿಂಗ್ ರ್‍ಯಾಂಕಿಗೆ ಪಿ.ಯು.ಸಿ.ಯ ಮೂರು ವಿಷಯಗಳ ಅಂಕ ಅರ್ಧ, ಸಿ.ಇ.ಟಿ. ಅಂಕ ಅರ್ಧ. ಪಿ.ಯು.ಸಿ.ಯಲ್ಲಿ ಒಟ್ಟು 300, ಸಿ.ಇ.ಟಿ.ಯಲ್ಲಿ ವಿಷಯಕ್ಕೆ 60ರಂತೆ 180. ಎಂದಮೇಲೆ ಪಿ.ಯು.ಸಿ.ಯ ಐದು ಅಂಕ ಸಿ.ಇ.ಟಿ.ಯ ಮೂರು ಪ್ರಶ್ನೆಗೆ ಸಮ. ಈ ಲೆಕ್ಕವನ್ನು ನಾನು ಹಟ್ಟಿಯ ಮುಂದೆ ಕೂತು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಬಿಡಿಸಿದೆ. ಭೌತಶಾಸ್ತ್ರದಲ್ಲಿ ಹದಿನೈದು ಅಂಕ ಏರಿದರೆ ಸಿ.ಇ.ಟಿ.ಯಲ್ಲಿ ಒಂಬತ್ತು ಪ್ರಶ್ನೆ ಹೆಚ್ಚು ಬಿಡಿಸಿದಂತಾಯಿತು. ಇಡೀ ಪಿ.ಯು.ಸಿ.ಯಲ್ಲಿ ನಾನು ಇಷ್ಟು ಶ್ರದ್ಧೆಯಿಂದ ಮಾಡಿದ ಲೆಕ್ಕ ಇನ್ನೊಂದಿಲ್ಲ. ದುರದೃಷ್ಟವಶಾತ್ ಆ 180 ಎಂಬ ಸಂಖ್ಯೆಯೂ ಉಳಿಯಲಿಲ್ಲ. ಆ ಸಲದ ಸಿ.ಇ.ಟಿ.ಯಲ್ಲಿ ಪಠ್ಯದ ಹೊರಗಿನ ಪ್ರಶ್ನೆಗಳು ಬಂದು ರಾಜ್ಯದಲ್ಲೆಲ್ಲ ಗದ್ದಲವಾಗಿ, ಕೊನೆಗೆ ಜೀವಶಾಸ್ತ್ರವೂ ಸೇರಿ 50 ಪ್ರಶ್ನೆಗಳನ್ನು ಕೈಬಿಟ್ಟರು. ನಾನು ಸರಿಯಾಗಿ ಬಿಡಿಸಿದೆನೆಂದು ಹಿಗ್ಗಿದ್ದ ಎರಡು ಅದರಲ್ಲಿ ಹೋದವು.

ಅಪ್ಪನಿಗೆ ಲೆಕ್ಕವನ್ನು ವಿವರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಕಮ್ಮಿ ಬಂದ್ರೆ?"

"ಕಮ್ಮಿ ಬಂದ್ರೆ ಹಳೇದೇ ಇರ್ತದೆ ಕಣಪ್ಪ."

"ಹಂಗಾದ್ರೆ ಬರಿ ಮಗ. ಹೆಚ್ಚಾದ್ರೆ ನಿಂದು, ಕಮ್ಮಿ ಆದ್ರೆ ಅವ್ರದು."

ಇದಕ್ಕೆ ಎದುರಾಡುವುದು ಹೇಗೆ? ಸೋಲುವ ಭಯವಿರುವ ಪರೀಕ್ಷೆಯನ್ನು ಬೇಡವೆನ್ನಬಹುದು. ಸೋಲೇ ಇಲ್ಲದ್ದನ್ನು ಬೇಡವೆನ್ನಲು ಕಾರಣ ಸಿಕ್ಕುವುದಿಲ್ಲ. ಅಮೆರಿಕದಲ್ಲಿ ಎಸ್.ಎ.ಟಿ. ಎಂಬ ಪರೀಕ್ಷೆಯನ್ನು ಹುಡುಗರು ಎರಡು ಮೂರು ಸಲ ಬರೆದು, ಯಾವ ಸಲದ ಅಂಕವನ್ನು ಯಾವ ಕಾಲೇಜಿಗೆ ಕಳುಹಿಸುವುದೆಂದು ಮನೆಮಂದಿಯೆಲ್ಲ ಕೂತು ಚರ್ಚಿಸುತ್ತಾರಂತೆ. ಪಾಂಡವಪುರ ತಾಲ್ಲೂಕಿನ ನಮ್ಮ ಹಟ್ಟಿಯಲ್ಲೂ ಆಗ ನಡೆದದ್ದು ಅದೇ ಚರ್ಚೆ.

ಚರ್ಚೆಗೆ ನಾಗಮಂಗಲದಿಂದ ಅತ್ತೆಯ ಮಗನೂ ಬಂದಿದ್ದ. ಅವನು 2021ರ ತಂಡದವನು. ಆ ವರ್ಷ ಕೊರೊನಾದಿಂದ ಪಿ.ಯು.ಸಿ. ಪರೀಕ್ಷೆಯೇ ನಡೆಯಲಿಲ್ಲ, ಎಸ್.ಎಸ್.ಎಲ್.ಸಿ.ಯಿಂದ ನೂರಕ್ಕೆ 45, ಮೊದಲ ವರ್ಷದಿಂದ 45, ಆಂತರಿಕ ಮೌಲ್ಯಮಾಪನದಿಂದ 10 ತೆಗೆದು ಎಲ್ಲರನ್ನೂ ಪಾಸು ಮಾಡಿದ್ದರು. ಅವನು 2022ರಲ್ಲಿ ಸಿ.ಇ.ಟಿ.ಯನ್ನು ಮತ್ತೆ ಬರೆದ. ಜುಲೈ ಕೊನೆಯಲ್ಲಿ ರ್‍ಯಾಂಕು ಬಂದಾಗ ಅವನಂಥವರ ಪಿ.ಯು.ಸಿ. ಅಂಕವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪರೀಕ್ಷೆ ಬರೆಯದೆ ಬಂದ ಅಂಕವೆಂಬುದು ವಾದ. ವಿಷಯ ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರ್ 3ರಂದು ಅರ್ಧ ಅರ್ಧವೇ ಹಿಡಿಯಿರಿ ಎಂದು ತೀರ್ಪಾಯಿತು. ಹಿಡಿದರೆ ಆ ವರ್ಷ ಪರೀಕ್ಷೆ ಬರೆದ ಹುಡುಗರಿಗೆ ಅನ್ಯಾಯವೆಂದು ಇನ್ನೊಂದು ಕಡೆಯ ಕೂಗು. ಕಡೆಗೆ ಹಳಬರ ಅಂಕದಲ್ಲಿ ಒಂದಿಷ್ಟು ಕಡಿದು, ಅಕ್ಟೋಬರಿನಲ್ಲಿ ಹೊಸ ರ್‍ಯಾಂಕು ಕೊಟ್ಟರು. "ಒಂದೇ ಪರೀಕ್ಷೆಗೆ ಎರಡು ರ್‍ಯಾಂಕು ಕಂಡವನು ನಾನು. ಮಾರ್ಕ್ಸು ನಮ್ಮದಲ್ಲ ಕಣೋ, ಅವರು ಯಾವುದು ಹಿಡಿತಾರೋ ಅದೇ ನಮ್ಮದು" ಎಂದ. ಅವನು ಹೇಳಿದ್ದರಲ್ಲಿ ಕಹಿ ಹೆಚ್ಚಾಗಿತ್ತು. ಆದರೂ ನನ್ನ ಕ್ಯಾಲೆಂಡರಿನ ಲೆಕ್ಕ ಆಗ ಸ್ವಲ್ಪ ಅಲುಗಿತು.

ಬರೆದೆ. ಮೇ 21ರಂದು ಫಲಿತಾಂಶ. ಭೌತಶಾಸ್ತ್ರ 67, ಗಣಿತ 55. ಹದಿನೇಳು ಏರಿತ್ತು, ಮೂರು ಇಳಿದಿತ್ತು. ನಿಯಮದಂತೆ ಇಳಿದದ್ದು ಬಿದ್ದುಹೋಯಿತು, ಏರಿದ್ದು ಉಳಿಯಿತು. ನನಗೆ ಅದೇಕೋ ಸಂಕೋಚ. ಎರಡು ಕಡೆಯಿಂದ ಒಳ್ಳೆಯದನ್ನು ಆರಿಸಿ ಕೂಡಿಸಿದ ಆ ಹುಡುಗ ಯಾವ ದಿನವೂ ಯಾವ ಕೊಠಡಿಯಲ್ಲೂ ಕೂತವನಲ್ಲ. ಅಪ್ಪನಿಗೆ ಹೇಳಿದೆ. ಅವರು ನಕ್ಕರು. "ಮಂಡಿಗೆ ಬೆಲ್ಲ ತಕ್ಕೊಂಡು ಹೋದ್ರೆ ಮೇಲ್ಗಡೆ ಒಳ್ಳೇ ಅಚ್ಚು ಇಡಾಕಿಲ್ವ? ಕೊಳ್ಳೋನು ತಳದಿಂದ ಒಂದು ತಗದು ಮುರಿದು ನೋಡ್ತಾನೆ. ನೋಡ್ಕಳ್ಳಿ."

ತಳದ ಅಚ್ಚು ಯಾವುದೆಂಬುದು ನನಗೊಬ್ಬನಿಗೇ ಗೊತ್ತಿತ್ತು. ಆ ಹದಿನೇಳು ಅಂಕ ಭೌತಶಾಸ್ತ್ರ ತಿಳಿದು ಬಂದುದಲ್ಲ. ಯಾವ ಪ್ರಶ್ನೆ ಬರುತ್ತದೆಂಬುದು ತಿಳಿದು ಬಂದುದು.

ರ್‍ಯಾಂಕು ಲಕ್ಷದ ಆಚೆ ಬಂದಿತು. ಎಲ್ಲೋ ದೂರದಲ್ಲಿ ಸೀಟು ಸಿಕ್ಕಬಹುದಾಗಿತ್ತು, ಫೀಜು ನಮ್ಮದಲ್ಲ. ಇಲ್ಲವೆ ಮೈಸೂರಿನಲ್ಲಿ ಒಂದು ವರ್ಷ 'ಲಾಂಗ್ ಟರ್ಮ್' ಕೋಚಿಂಗ್ ಸೇರಿ ಮತ್ತೆ ಸಿ.ಇ.ಟಿ. ಬರೆಯಬೇಕು. ಹಿಂದಿನ ಮಳೆಗಾಲ ಕೈಕೊಟ್ಟಿತ್ತು. ತುಂಬಿದರೆ 124.80 ಅಡಿ ನಿಲ್ಲುವ ಕನ್ನಂಬಾಡಿ ಕಟ್ಟೆ ಬೇಸಗೆಯಲ್ಲಿ ತಳ ತೋರಿಸಿತ್ತು. ನಮ್ಮ ಕಬ್ಬು ಒಣಗಿ ಹೋಗಿತ್ತು. ಹೀಗಿರುವಾಗ ಒಂದು ಸಂಜೆ ಅಪ್ಪ ಹಳ್ಳಿಕಾರ್ ಜೋಡಿಯ ಹಲ್ಲು ತೋರಿಸುತ್ತ ಯಾರೊಡನೆಯೋ ಮಾತನಾಡುತ್ತಿದ್ದುದನ್ನು ಕಂಡೆ. ಕೇಳಿದರೆ "ಸುಮ್ಕೆ ಬೆಲೆ ಕೇಳ್ದೆ" ಎಂದರು. ಅವ್ವ ಏನೂ ಹೇಳದೆ ಒಳಗೆ ಹೋದಳು.

ಆ ರಾತ್ರಿ ನಾನು ಇನ್ನು ಬರೆಯುವುದಿಲ್ಲವೆಂದೆ. ಜೂನ್ 24ಕ್ಕೆ ಮೂರನೆಯ ಪರೀಕ್ಷೆಯೂ ಇತ್ತು, ಅದಕ್ಕೂ ಕೂಡಲಿಲ್ಲ. ಇದನ್ನು ತ್ಯಾಗವೆಂದು ದಯವಿಟ್ಟು ಯಾರೂ ತಿಳಿಯಬಾರದು. ಎತ್ತಿನ ನೆಪ ಸಿಕ್ಕಿದ್ದು ನನಗೆ ಒಳಗೊಳಗೇ ಹಗುರವಾಗಿತ್ತು. ಕೂತಿದ್ದರೆ ರ್‍ಯಾಂಕು ಬರುತ್ತಿತ್ತೋ ಏನೋ ಎಂದು ಬಸ್ಸಿಗೆ ಕಾಯುವಾಗ ಒಮ್ಮೊಮ್ಮೆ ಅನಿಸುತ್ತದೆ. ಆಗ ಕ್ಯಾಲೆಂಡರಿನ ಬೆನ್ನು ನೆನಪಾಗುತ್ತದೆ.

ಈ ಕಾಲೇಜಿಗೆ ಸೇರಲು ಬಂದ ದಿನ ನನ್ನ ಬಳಿ ಎರಡು ಅಂಕಪಟ್ಟಿಗಳ ಪ್ರತಿಯಿದ್ದವು. ಯಾವುದನ್ನು ಕೊಡಲಿ ಎಂದು ಕೌಂಟರಿನಲ್ಲಿ ಕೇಳಿದೆ. ಗುಮಾಸ್ತರು ಎರಡನ್ನೂ ತೆಗೆದುಕೊಂಡು ನೋಡಿ, "ಕನ್ನಡದಲ್ಲಿ 91 ಅದಲ್ಲಪ್ಪ, ಐಚ್ಛಿಕ ಕನ್ನಡ ತಗೋ" ಎಂದು ಹೇಳಿ ಮೇಲಿನ ಪ್ರತಿಗೆ ಮೊಹರು ಒತ್ತಿದರು. ಆ ತಿಂಗಳ ಕೊನೆಗೆ ಕಟ್ಟೆ ತುಂಬಿತು. ಎತ್ತುಗಳು ಇನ್ನೂ ನಮ್ಮ ಕೊಟ್ಟಿಗೆಯಲ್ಲೇ ಇವೆ.

ಈ ವರ್ಷ ತಂಗಿ ದ್ವಿತೀಯ ಪಿ.ಯು.ಸಿ.; ವಿಜ್ಞಾನವೇ. ಮೊನ್ನೆ ರಾತ್ರಿ ಓದುತ್ತಿದ್ದವಳು ತಲೆಯೆತ್ತಿ, "ಅಣ್ಣ, ಎರಡನೇದು ಇದ್ದೇ ಇದೆಯಲ್ಲ, ಈ ಅಧ್ಯಾಯ ಬಿಟ್ಟುಬಿಡ್ಲಾ?" ಎಂದಳು. ಅದು ಭೌತಶಾಸ್ತ್ರ. ನನ್ನ ಹಳೆಯ ನೋಟ್ಸನ್ನು ಅಟ್ಟದಿಂದ ಇಳಿಸಿ ಕೊಟ್ಟೆ. ಪುಟ ತಿರುವಿ ನೋಡಿ, "ಇದನ್ನ ನೀನೂ ಬಿಟ್ಟಿದ್ದೀಯಲ್ಲ" ಎಂದಳು.