ಎರಡು ದಿನದ ಒಡೆತನ

ಗಡಿನಾಡಿನಲ್ಲಿ ಬಾಳುವವರಿಗೆ ಆಟದ ವಿಷಯ ಬಂದಾಗ ಒಂದು ಪ್ರಶ್ನೆ ತಪ್ಪಿದ್ದಲ್ಲ: "ನೀವು ಯಾರ ಪಕ್ಷ?" ಹೊಸ ಸೊಸೆಯನ್ನು "ತವರು ಮೇಲೋ, ಗಂಡನ ಮನೆ ಮೇಲೋ" ಎಂದು ಕೇಳಿದಂತೆ ಇದು. ಆಕೆ ನಕ್ಕು ಒಳಗೆ ನಡೆಯುತ್ತಾಳೆ. ಕಾಸರಗೋಡಿನ ನಾವೂ ಬಹುಕಾಲದಿಂದ ಹಾಗೆಯೇ ಮಾಡುತ್ತ ಬಂದಿದ್ದೇವೆ. 2025ರ ಮಾರ್ಚ್ 1 ಮತ್ತು 2, ಶನಿವಾರ ಭಾನುವಾರಗಳು, ಈ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ನೋಡಲು ನನಗೆ ಕಲಿಸಿದವು.

ಆ ಎರಡು ದಿನ ಎಡಮನೆಯ ಮಲಯಾಳಿ ಕುಟುಂಬ ಮದುವೆಗೆಂದು ಕಣ್ಣೂರಿಗೂ, ಬಲಮನೆಯ ತುಳುವರು ನೇಮಕ್ಕೆಂದು ತಮ್ಮ ಮೂಲಮನೆಗೂ ಹೊರಟಿದ್ದರು. ಒಬ್ಬರು ನಾಯಿಯನ್ನು, ಇನ್ನೊಬ್ಬರು ಬೆಕ್ಕನ್ನು ನಮಗೆ ಒಪ್ಪಿಸಿದರು. "ಬಾ ಬಾ" ಎಂದರೆ ನಾಯಿ ಮುಖ ತಿರುಗಿಸಿತು. "ವಾ" ಎಂದೊಡನೆ ಬಾಲ ಆಡಿಸಿತು. ಬೆಕ್ಕಿಗೆ "ಬಲ" ಎನ್ನಬೇಕು. ಸರಕಾರಗಳಿಗೆ ಕಷ್ಟವಾದ ತ್ರಿಭಾಷಾ ಸೂತ್ರ ನಮ್ಮ ಜಗಲಿಯಲ್ಲಿ ನಿರ್ವಿಘ್ನವಾಗಿ ಜಾರಿಗೆ ಬಂತು.

ಬೆಕ್ಕಿಗೆ ಯಾವ ಚಿಂತೆಯೂ ಇರಲಿಲ್ಲ. ನಾಯಿ ಮಾತ್ರ ಶನಿವಾರ ಬೆಳಗ್ಗೆ ಗಂಜಿ ಮುಟ್ಟದೆ ಗೇಟಿನ ಕಡೆ ಮುಖಮಾಡಿ ಮಲಗಿತು. "ಒತ್ತಾಯ ಮಾಡಬೇಡಿ, ಸುಮ್ಮನೆ ಹತ್ತಿರ ಕುಳಿತುಕೊಳ್ಳಿ" ಎಂದಳು ನನ್ನ ಪತ್ನಿ. ಹಾಗೆ ಮೆಟ್ಟಿಲ ಮೇಲೆ ಕುಳಿತು ಮೊಬೈಲಿನಲ್ಲಿ ರಣಜಿ ಅಂತಿಮ ಪಂದ್ಯ ನೋಡತೊಡಗಿದೆ.

ಕೇರಳ ರಣಜಿ ಫೈನಲ್ ತಲಪಿದ್ದು ಅದೇ ಮೊದಲು. ಸೆಮಿಫೈನಲಿನಲ್ಲಿ ಕೇರಳ 457, ಗುಜರಾತ್ 455. ಎರಡೇ ಎರಡು ರನ್ನುಗಳ ಮುನ್ನಡೆ! ಅದರಲ್ಲಿ ಅಜೇಯ 177 ನಮ್ಮ ತಳಂಗರೆಯ ಮೊಹಮ್ಮದ್ ಅಜರುದ್ದೀನನದು. ನಾಗಪುರದ ಫೈನಲಿನಲ್ಲಿ ವಿದರ್ಭ 379, ಕೇರಳ 342. ಶನಿವಾರ ವಿದರ್ಭದ ಪರ ಶತಕ ಹೊಡೆದವನು ಕರುಣ್ ನಾಯರ್: ಮಲಯಾಳಿ ತಂದೆತಾಯಿಯರ ಮಗ, ಬೆಂಗಳೂರಿನಲ್ಲಿ ಬೆಳೆದವನು, ಕರ್ನಾಟಕದ ಪರ ವರ್ಷಗಟ್ಟಲೆ ಆಡಿದವನು, 2016ರಲ್ಲಿ ಚೆನ್ನೈಯಲ್ಲಿ ಭಾರತಕ್ಕಾಗಿ ಅಜೇಯ 303 ಗಳಿಸಿದವನು. ಕರ್ನಾಟಕ ತಂಡದಲ್ಲಿ ಸ್ಥಾನ ತಪ್ಪಿದ ಮೇಲೆ ವಿದರ್ಭ ಅವನಿಗೆ ಎಡೆಕೊಟ್ಟಿತ್ತು. ಅತ್ತ ಕೇರಳದ ಪರ ಚೆಂಡೆಸೆಯುತ್ತಿದ್ದವನು ನಾಗಪುರದ ಆದಿತ್ಯ ಸರ್ವಟೆ. ವಿದರ್ಭ ಹಿಂದೆ ಎರಡು ಬಾರಿ ರಣಜಿ ಗೆದ್ದಾಗ ಅದರಲ್ಲಿದ್ದವನು.

ಭಾನುವಾರ ಕರುಣ್ 135 ರನ್ ಮಾಡಿದ್ದಾಗ ಸರ್ವಟೆಯ ಚೆಂಡಿಗೆ ಮುಂದೆ ನುಗ್ಗಿದ. ಅಜರುದ್ದೀನ್ ಸ್ಟಂಪ್ ಮಾಡಿದ. ನಾನು ಚಪ್ಪಾಳೆ ತಟ್ಟಿದೆ; ಮರುಕ್ಷಣ, ಹಿಂದಿರುಗುತ್ತಿದ್ದ ಕರುಣನಿಗೂ ತಟ್ಟಿದೆ. ಪಂದ್ಯ ಸಮವಾಗಿ ಮುಗಿಯಿತು; ಮೊದಲ ಇನಿಂಗ್ಸಿನ 37 ರನ್ನುಗಳ ಮುನ್ನಡೆಯಿಂದ ಪ್ರಶಸ್ತಿ ವಿದರ್ಭಕ್ಕೆ ಹೋಯಿತು.

ಅಷ್ಟರಲ್ಲಿ ನಾಯಿ ನನ್ನ ಕೈಯಿಂದಲೇ ಉಣ್ಣುವಷ್ಟು ಬಳಿ ಸಾರಿತ್ತು. ಆದರೂ ಬೀದಿಯಲ್ಲಿ ವಾಹನದ ಸದ್ದಾದರೆ ಕಿವಿ ನಿಗುರುತ್ತಿತ್ತು. ನಮ್ಮ ಗಂಜಿ ಉಂಡದ್ದರಿಂದ ಅದು ಮನೆಯವರನ್ನು ಮರೆಯಲಿಲ್ಲ. ಮನೆಯವರನ್ನು ನೆನೆದದ್ದರಿಂದ ನಮಗೆ ಕೃತಘ್ನವೂ ಆಗಲಿಲ್ಲ. ಸರ್ವಟೆ ಹುಟ್ಟೂರಿನ ತಂಡಕ್ಕೆ ಎದುರಾಗಿ ಪ್ರಾಮಾಣಿಕವಾಗಿ ದುಡಿದ. ಅದನ್ನು ದ್ರೋಹವೆನ್ನಲು ಯಾರಿಗೆ ಬಾಯಿ ಬಂದೀತು? ಹಾಗಿದ್ದ ಮೇಲೆ ತಳಂಗರೆಯ ಹುಡುಗನಿಗಾಗಿ ಹಿಗ್ಗಿದರೆ ನಮ್ಮ ಕನ್ನಡಕ್ಕೇನೂ ಕುಂದಿಲ್ಲ. 1956ರಿಂದ ನಾವು ಕೇರಳದ ನೀರು ಕುಡಿದು ಕನ್ನಡದಲ್ಲಿ ಮಕ್ಕಳನ್ನು ತೂಗಿದವರು. ಪಕ್ಷ ಯಾವುದೆಂದು ಕೇಳುವವರಿಗೆ ಇನ್ನು ನಾಚದೆ ಹೇಳಬಹುದು: ಎರಡೂ ನಮ್ಮವೇ.

ಸಂಜೆ ಒಡೆಯರು ಬಂದರು. ನಾಯಿ ನನ್ನತ್ತ ತಿರುಗಿಯೂ ನೋಡದೆ ಓಡಿತು, ಅದೇ ನ್ಯಾಯ. ಮರುದಿನ ಬೆಳಗ್ಗೆ ಮಾತ್ರ ನಮ್ಮ ಗೇಟಿನ ಬಳಿ ನಿಂತಿತ್ತು. ಪರೀಕ್ಷಿಸೋಣವೆಂದು "ಬಾ" ಎಂದೆ.

ಬಂತು.